ಸಿಂಕ್ ಕೆಳಗೆ ಸೋರುತ್ತಿದೆಯೇ? ಎಂ-ಸೀಲ್ ಮೆತ್ತುವ ಮುಂಚೆ ಇದನ್ನು ಮಾಡಿ

ಅಡುಗೆಮನೆ ಸಿಂಕ್ ಕೆಳಗಿನ ಕಪಾಟಿನಲ್ಲಿ ಮುಗ್ಗಲು ವಾಸನೆ, ಒಳಗಿಟ್ಟ ಡಬ್ಬಿಗಳ ತಳವೆಲ್ಲ ಒದ್ದೆ. ಹೀಗಿದ್ದರೆ ವೇಸ್ಟ್ ಪೈಪ್ ಸೋರುತ್ತಿರುವ ಸಾಧ್ಯತೆಯೇ ಜಾಸ್ತಿ. ಓನರ್ ಪ್ಲಂಬರ್ ಕಳಿಸುವವರೆಗೆ ಕಾದರೆ ಪ್ಲೈವುಡ್ ಉಬ್ಬುತ್ತದೆ, ಜಿರಳೆ ಸೇರಿಕೊಳ್ಳುತ್ತವೆ. ಇಂಥ ಸೋರಿಕೆಗೆ ಹೆಚ್ಚಾಗಿ ಕಾರಣ ಗಟ್ಟಿಯಾದ ರಬ್ಬರ್ ವಾಷರ್ ಅಥವಾ ಸಡಿಲವಾದ ನಟ್. ಅದನ್ನು ನೀವೇ ಸರಿ ಮಾಡಬಹುದು.

ಕೈ ಹಾಕುವ ಮೊದಲು ಸೋರುವ ಜಾಗದ ಫೋಟೊ, ವಿಡಿಯೊ ತೆಗೆದು ಓನರ್‌ಗೆ ವಾಟ್ಸ್ಆ್ಯಪ್ ಮಾಡಿ. ಮನೆ ಖಾಲಿ ಮಾಡುವಾಗ ಅಡ್ವಾನ್ಸ್‌ನಲ್ಲಿ ಹಣ ಹಿಡಿಯುವ ಮಾತು ಬಂದರೆ ಅದೇ ನಿಮಗೆ ಆಧಾರ. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ, ಅಗ್ರಿಮೆಂಟ್‌ನಲ್ಲಿ ಬೇರೆ ಮಾತಾಗಿರದಿದ್ದರೆ, ಪೈಪ್ ಬದಲಿಸುವುದು ಮಾಲೀಕರ ಪಾಲಿಗೆ, ಡ್ರೈನ್ ಕ್ಲೀನ್ ಮಾಡುವುದು ಬಾಡಿಗೆದಾರರ ಪಾಲಿಗೆ ಇದೆ. ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಅಷ್ಟೇ. ಹಾಗಾಗಿ ನಿಮ್ಮ ಅಗ್ರಿಮೆಂಟ್ ಒಮ್ಮೆ ತೆಗೆದು ನೋಡಿ.

ಈಗ ಸೋರುವ ಜಾಗ ಹುಡುಕೋಣ. ಎಲ್ಲಕ್ಕಿಂತ ಮುಖ್ಯ ಕೆಲಸ ಇದೇ. ಕಪಾಟು ಖಾಲಿ ಮಾಡಿ, ಪೈಪನ್ನು ಮೇಲಿಂದ ಕೆಳಗೆ ಬಟ್ಟೆಯಿಂದ ಪೂರ್ತಿ ಒರೆಸಿ. ಒಂದೊಂದು ಜಾಯಿಂಟಿಗೂ ಟಿಶ್ಯೂ ಪೇಪರ್ ಸುತ್ತಿ. ಸಿಂಕ್ ತೂತು ಮುಚ್ಚಿ, ಅರ್ಧದಷ್ಟು ನೀರು ತುಂಬಿಸಿ, ಒಮ್ಮೆಲೇ ಬಿಡಿ. ಮೊದಲು ಒದ್ದೆಯಾದ ಪೇಪರೇ ನಿಮ್ಮ ಉತ್ತರ. ನೀರು ಮೇಲಿಂದ ಹರಿದು ಕೆಳಗೆ ತೊಟ್ಟಿಕ್ಕುವುದರಿಂದ ಬರಿಗಣ್ಣಿನಲ್ಲಿ ನೋಡಿದರೆ ಮೋಸ ಹೋಗುತ್ತೀರಿ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನ ಏರಿಯಾಗಳಲ್ಲಿ ಬಿಳಿ ಉಪ್ಪು ಕಟ್ಟಿರುವ ಜಾಯಿಂಟನ್ನೂ ಗಮನಿಸಿ. ನೀರು ಒಳಗೊಳಗೇ ಒಸರುತ್ತಿದ್ದ ಗುರುತು ಅದು.

ಜಾಯಿಂಟುಗಳೆಲ್ಲ ಒಣಗಿದ್ದು, ಪೈಪ್ ನೆಲಕ್ಕೆ ಸೇರುವ ಕಡೆ ಮಾತ್ರ ನೀರು ಉಕ್ಕಿದರೆ ಅದು ಸೋರಿಕೆ ಅಲ್ಲ, ಮುಂದೆ ಎಲ್ಲೋ ಕಟ್ಟಿಕೊಂಡಿದೆ. ಆ ಬ್ಲಾಕ್ ತೆಗೆಸಬೇಕು.

ಟ್ರ್ಯಾಪ್ (ಸಿಂಕ್ ಕೆಳಗೆ ಸ್ವಲ್ಪ ನೀರು ನಿಂತಿರುವ ಪೈಪಿನ ಭಾಗ) ಬಿಚ್ಚುವಾಗ ಕೆಳಗೆ ಬಕೆಟ್ ಇರಲಿ. ಮನೆಯವರು ಅಭ್ಯಾಸಬಲದಿಂದ ನಲ್ಲಿ ತಿರುಗಿಸದಂತೆ ಅದಕ್ಕೊಂದು ಬಟ್ಟೆ ಕಟ್ಟಿ. ಬಕೆಟ್‌ನ ಕೊಳಕು ನೀರನ್ನು ಅದೇ ಸಿಂಕಿಗೆ ಸುರಿಯಬೇಡಿ, ನೇರ ನಿಮ್ಮ ಕಾಲ ಮೇಲೆ ಬೀಳುತ್ತದೆ! ಆ್ಯಸಿಡ್ ಅಥವಾ ಡ್ರೈನ್ ಕ್ಲೀನರ್ ಹಾಕಿದ ಪೈಪನ್ನಂತೂ ಬಿಚ್ಚಲೇಬೇಡಿ.

ಹಳೆ ವಾಷರನ್ನು ಹಾರ್ಡ್‌ವೇರ್ ಅಂಗಡಿಗೆ ತೆಗೆದುಕೊಂಡು ಹೋಗಿ ತೋರಿಸಿ. ವೇಸ್ಟ್ ಪೈಪ್‌ಗಳು 32 ಮಿ.ಮೀ., 40 ಮಿ.ಮೀ. ಹೀಗೆ ಬೇರೆ ಬೇರೆ ಸೈಜಿನಲ್ಲಿ ಇರುವುದರಿಂದ ಬಾಯಲ್ಲಿ ಹೇಳಿದರೆ ಸಾಲದು. ಪ್ಲಾಸ್ಟಿಕ್ ಪೈಪ್ ಬಿರುಕು ಬಿಟ್ಟಿದ್ದರೆ ಅದನ್ನೂ ಹೊಸದು ತನ್ನಿ.

ಜೋಡಿಸುವ ಮುಂಚೆ ಜಿಡ್ಡು, ಉಪ್ಪನ್ನು ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ವಾಷರ್ ಸೊಟ್ಟಗೆ ಕೂರದಂತೆ ನೋಡಿಕೊಂಡು ನಟ್ ಅನ್ನು ಕೈಯಲ್ಲೇ ಬಿಗಿ ಮಾಡಿ. ಸಾಲದಿದ್ದರೆ ಇನ್ನು ಕಾಲು ಸುತ್ತು, ಅಷ್ಟೇ. ಪ್ಲಾಸ್ಟಿಕ್ ನಟ್‌ಗೆ ಪೈಪ್ ರೆಂಚ್ ಹಾಕಿ ತಿರುಗಿಸಿದರೆ ಒಡೆಯುತ್ತದೆ. ವಾಷರ್ ಇರುವ ಜಾಯಿಂಟಿಗೆ ಟೆಫ್ಲಾನ್ ಟೇಪ್ ಸುತ್ತಿ ಪ್ರಯೋಜನ ಇಲ್ಲ, ಅಲ್ಲಿ ನೀರು ತಡೆಯುವುದು ರಬ್ಬರ್.

ಎಂ-ಸೀಲ್ ಬೇಡ ಅನ್ನುವುದು ಯಾಕೆ? ಒದ್ದೆ, ಜಿಡ್ಡಿನ ಮೇಲೆ ಅದು ಸರಿಯಾಗಿ ಹಿಡಿಯುವುದಿಲ್ಲ. ಹಿಡಿದರೂ ಮುಂದಿನ ಸಲ ಬ್ಲಾಕ್ ಆದಾಗ ಟ್ರ್ಯಾಪ್ ಬಿಚ್ಚಲು ಆಗುವುದಿಲ್ಲ, ಒಡೆಯಬೇಕಾಗುತ್ತದೆ. ಬಾಡಿಗೆ ಮನೆಯಲ್ಲಿ ಬಿಚ್ಚಿ ಮತ್ತೆ ಹಾಕಲು ಬರುವ ರಿಪೇರಿಯನ್ನೇ ಮಾಡಿ.

ಕೊನೆಗೆ ಇನ್ನೊಮ್ಮೆ ಸಿಂಕ್ ತುಂಬಿಸಿ ಬಿಟ್ಟು ನೋಡಿ. ಒಂದು ರಾತ್ರಿ ಪೈಪ್ ಕೆಳಗೆ ನ್ಯೂಸ್‌ಪೇಪರ್ ಹಾಸಿಡಿ. ಬೆಳಿಗ್ಗೆ ಪಾತ್ರೆ ತೊಳೆದ ಮೇಲೂ ಅದು ಒಣಗಿದ್ದರೆ ಡಬ್ಬಿಗಳನ್ನು ಒಳಗಿಡಬಹುದು. ಗೋಡೆಯೊಳಗಿಂದ ನೀರು ಒಸರುತ್ತಿದ್ದರೆ, ಇಲ್ಲವೇ ಕೆಳಗಿನ ಮನೆಯ ಸೀಲಿಂಗ್‌ನಲ್ಲಿ ಕಲೆ ಮೂಡಿದ್ದರೆ ಮಾತ್ರ ನೀವು ಕೈ ಹಾಕಬೇಡಿ. ಆ ದಿನವೇ ಓನರ್‌ಗೆ ಹೇಳಿ ಪ್ಲಂಬರನ್ನು ಕರೆಸಿ.