ತಗಡಿನ ಗೇಮ್ ಡಬ್ಬಕ್ಕೆ ಹಳೇ ಟಿವಿ

ಅಕ್ಕನ ಮಗ ಬೀರು ಮಾಡುವವರ ಹತ್ತಿರ ಹೇಳಿ ಆಳೆತ್ತರದ ತಗಡಿನ ಡಬ್ಬ ಮಾಡಿಸಿದ್ದ. ಅಟ್ಟದ ಮೇಲಿದ್ದ 21 ಇಂಚಿನ ಟಿವಿಯನ್ನೂ ಹೊತ್ತು ತಂದು, "ಮಾವ, ಇದನ್ನ ಅದರೊಳಗೆ ಕೂರಿಸಿಕೊಡಿ, ವಿಡಿಯೋ ಗೇಮ್ ಮಾಡ್ಬೇಕು" ಅಂದ. ಪ್ಲೈವುಡ್ ಆಗಿದ್ದರೆ ಒಂದು ಮಧ್ಯಾಹ್ನದ ಕೆಲಸ. ತಗಡು ಅಂದಮೇಲೆ ನಾನು ಸ್ಕ್ರೂಡ್ರೈವರಿಗಿಂತ ಮೊದಲು ಮೀಟರ್ ತೆಗೆದೆ.

ಪಿಕ್ಚರ್ ಟ್ಯೂಬಿನ ನಾಲ್ಕು ಮೂಲೆಗೂ ಒಂದೊಂದು ಕಬ್ಬಿಣದ ಕಿವಿ ಇರುತ್ತೆ. ಬೋಲ್ಟ್ ಹಾಕೋದು ಅದಕ್ಕೇ. ಟ್ಯೂಬಿನ ಬೆನ್ನ ಮೇಲಿನ ಕಪ್ಪು ಲೇಪಕ್ಕೆ ಒತ್ತಿಕೊಂಡು, ಮೇಲೆ ಪ್ಲಾಸ್ಟಿಕ್ ಇಲ್ಲದ, ಹೆಣೆದ ಬರೀ ತಂತಿಯೊಂದು ಹಾಯ್ದಿರುತ್ತೆ. ಎಷ್ಟೋ ಸೆಟ್‌ಗಳಲ್ಲಿ ಆ ತಂತಿಯನ್ನ ಇದೇ ಕಿವಿಗೆ ಸಿಕ್ಕಿಸಿರುತ್ತಾರೆ; ಅಲ್ಲಿಂದ ಅದು ಬೋರ್ಡಿನ ಗ್ರೌಂಡಿಗೆ (ಸರ್ಕ್ಯೂಟಿಗೆಲ್ಲ ಒಂದೇ ಆದ ವಾಪಸ್ ದಾರಿಗೆ) ಹೋಗುತ್ತೆ. ಅಂದರೆ ಬೋಲ್ಟ್ ಬಿಗಿದ ಕೂಡಲೇ ಬೋರ್ಡಿನ ಗ್ರೌಂಡೂ ನಿಮ್ಮ ಡಬ್ಬವೂ ಒಂದೇ ಆಯ್ತು. ಏವಿ ಸಾಕೆಟ್ (ಹೊರಗಿನಿಂದ ಚಿತ್ರ, ಶಬ್ದ ಕೊಡುವ ಸಾಕೆಟ್) ಇಲ್ಲದ, ಬರೀ ಆಂಟೆನಾ ಸಾಕೆಟ್ ಇರುವ ಹಳೇ ಸೆಟ್‌ಗಳಲ್ಲಿ ಆ ಗ್ರೌಂಡು ನೇರ ಮೇನ್ಸಿಗೇ ಸೇರಿರಬಹುದು. ಬ್ರಿಡ್ಜ್ ರೆಕ್ಟಿಫೈಯರ್ (ಎಸಿಯನ್ನ ಡಿಸಿ ಮಾಡುವ ನಾಲ್ಕು ಡಯೋಡಿನ ಜೋಡಣೆ) ಇದ್ದರಂತೂ ಪ್ಲಗ್ ಹೇಗೆ ತಿರುಗಿಸಿ ಹಾಕಿದರೂ ಶಾಕ್ ತಪ್ಪಿದ್ದಲ್ಲ.

ಹಾಗಾಗಿ ಏವಿ ಇರುವ ಸೆಟ್ಟನ್ನೇ ಆರಿಸಿ. ಪ್ಲಗ್ ಕಿತ್ತು, ಟಿವಿಯ ಸ್ವಿಚ್ ಮಾತ್ರ ಆನ್ ಇಟ್ಟು, ಪ್ಲಗ್ಗಿನ ಒಂದೊಂದು ಪಿನ್ನಿಗೂ ಏವಿ ಸಾಕೆಟ್ಟಿನ ಹೊರಬಳೆಗೂ ನಡುವೆ ಓಮ್ಸ್ ನೋಡಿ. ಮೀಟರಿನ ಕಡ್ಡಿಗಳನ್ನ ಅದಲುಬದಲು ಮಾಡಿಯೂ ನೋಡಿ, ಡಯೋಡು ಒಂದು ಕಡೆಯಿಂದ ಸುಳ್ಳು ಹೇಳುತ್ತೆ. ಮೆಗಾ ಓಮ್‌ಗಳಲ್ಲಿ ತೋರಿಸಿದರೆ ಸರಿ. ಕಡಿಮೆ ಬಂದರೆ ಮೇನ್ಸಿನಿಂದ ಬೇರ್ಪಡಿಸುವ, 230ಕ್ಕೆ 230 ವೋಲ್ಟಿನ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಆ ಸೆಟ್ ತಗಡಿಗೆ ಬೇಡ. "ಸ್ಟೆಬಿಲೈಜರ್ ಇದೆಯಲ್ಲ ಮಾವ" ಅಂದ ಇವನು. ಮನೆಯ ಸ್ಟೆಬಿಲೈಜರಿನೊಳಗೆ ಇರೋದು ಆಟೋ ಟ್ರಾನ್ಸ್‌ಫಾರ್ಮರ್. ಅದು ವೋಲ್ಟೇಜ್ ಸರಿಮಾಡುತ್ತೆಯೇ ಹೊರತು ಮೇನ್ಸಿನಿಂದ ಬೇರೆ ಮಾಡಲ್ಲ.

ಜಾಗ ಇದ್ದರೆ ಟಿವಿಯನ್ನ ಪ್ಲಾಸ್ಟಿಕ್ ಕವಚದ ಸಮೇತ ಒಂದು ಹಲಗೆ ಮೇಲೆ ಕೂರಿಸಿ, ಬೆಲ್ಟ್ ಕಟ್ಟಿ ಮುಗಿಸಿಬಿಡಿ. ನನ್ನ ಸಲಹೆ ಅದೇ. ಇವನ ಡಬ್ಬದ ಅಗಲ ಸಾಲಲಿಲ್ಲ, ಬಿಚ್ಚಲೇಬೇಕಾಯ್ತು.

ಟಿವಿಯ ಬೆನ್ನು ಎಂದೂ ತೆಗೆಯದವರು ಇಷ್ಟಕ್ಕೆ ಒಬ್ಬ ಮೆಕ್ಯಾನಿಕ್ಕನ್ನ ಕರೆಸಿ. ಟ್ಯೂಬಿನ ಮೇಲೆ ಕಪ್ಪು ರಬ್ಬರ್ ಕ್ಯಾಪ್ ಇದೆಯಲ್ಲ, ಅಲ್ಲಿ ಸುಮಾರು 25,000 ವೋಲ್ಟ್. ಆಫ್ ಮಾಡಿದರೂ ಗಾಜಿನಲ್ಲಿ ಉಳಿದಿರುತ್ತೆ. ಉದ್ದನೆಯ, ಒಳ್ಳೆ ಹಿಡಿಯ ಚಪ್ಪಟೆ ಸ್ಕ್ರೂಡ್ರೈವರಿಗೆ ಕ್ರೊಕೊಡೈಲ್ ಕ್ಲಿಪ್ಪಿನ ವೈರ್ ಕಟ್ಟಿ, ಇನ್ನೊಂದು ತುದಿಯನ್ನ ಆಗ ಹೇಳಿದ ಬರೀ ತಂತಿಗೇ ಸಿಕ್ಕಿಸಿ, ಬೋರ್ಡಿಗೆ ಬೇಡ. ಒಂದು ಕೈ ಜೇಬಲ್ಲಿಟ್ಟುಕೊಂಡು ಕ್ಯಾಪಿನಡಿ ತೂರಿಸಿ. 'ಚಟ್' ಅನ್ನುತ್ತೆ. ಹತ್ತು ನಿಮಿಷ ಬಿಟ್ಟು ಇನ್ನೊಂದು ಸಲ, ಯಾಕೆಂದರೆ ಚಾರ್ಜ್ ಸ್ವಲ್ಪ ವಾಪಸ್ ಬರುತ್ತೆ. ಪವರ್ ಸಪ್ಲೈನ ದಪ್ಪ ಕೆಪಾಸಿಟರಿನಲ್ಲಿ 320 ವೋಲ್ಟ್ ಉಳಿದಿರಬಹುದು. ಬಲ್ಬ್ ಹಾಕಿದ ಹೋಲ್ಡರಿನ ಎರಡು ವೈರುಗಳನ್ನ ಅದರ ಕಾಲುಗಳಿಗೆ ತಾಗಿಸಿ ಇಳಿಸಿ, ಮೀಟರಿನಲ್ಲಿ ಸೊನ್ನೆ ಕಂಡಮೇಲೆ ಕೈ ಹಾಕಿ. ಬೋರ್ಡ್ ತೆರೆದಮೇಲೆ ಆ ಬರೀ ತಂತಿಗೂ ಪಿನ್ನುಗಳಿಗೂ ಓಮ್ಸ್ ಮತ್ತೊಮ್ಮೆ ನೋಡಿಬಿಡಿ.

ವೆಲ್ಡಿಂಗು, ತೂತು ಕೊರೆಯೋದು ಎಲ್ಲ ಟ್ಯೂಬ್ ಹತ್ತಿರ ಬರುವ ಮೊದಲೇ ಮುಗಿಯಬೇಕು. ಒಂದು ಚೂರು ಲೋಹದ ಪುಡಿ ಬೋರ್ಡಿನ ಮೇಲೆ ಬಿದ್ದರೂ ಕಥೆ ಮುಗೀತು. ಟ್ಯೂಬನ್ನ ಗಾಜಿನ ಮುಖ ನಿಮ್ಮ ಹೊಟ್ಟೆಗೆ ಒರಗುವಂತೆ, ಕೆಳಗಿನ ಎರಡು ಮೂಲೆ ಹಿಡಿದು ಎತ್ತಿ. ಕಣ್ಣಿಗೆ ಕನ್ನಡಕ ಇರಲಿ. ಹಿಂದಿನ ಕತ್ತು ತೆಳ್ಳಗಿರುತ್ತೆ, ಅದನ್ನ ಹಿಡಿಕೆ ಮಾಡಿಕೊಳ್ಳಬೇಡಿ. ಮುಖದ ಸುತ್ತ ಬಿಗಿದ ಉಕ್ಕಿನ ಪಟ್ಟಿಯನ್ನ ಸಡಿಲ ಮಾಡಬೇಡಿ, ಕೊರೆಯಲೂಬೇಡಿ. ಗಾಜು ಸಿಡಿಯದಂತೆ ತಡೆದಿರೋದು ಅದೇ. ಸೈಕಲ್ ಟ್ಯೂಬ್ ಕತ್ತರಿಸಿ ಮಾಡಿದ ವಾಷರ್ ಹಾಕಿ, ಬೋಲ್ಟುಗಳನ್ನ ಎದುರು ಬದುರು ಮೂಲೆಯಂತೆ ಸ್ವಲ್ಪ ಸ್ವಲ್ಪ ಬಿಗಿಯಿರಿ. ಒಂದು ಕಿವಿ ತಗಡಿಗೆ ತಾಗದಿದ್ದರೆ ಬೋಲ್ಟಿನಿಂದ ಎಳೆದು ಸೇರಿಸಬೇಡಿ, ಸಂದಿಗೆ ಇನ್ನೊಂದು ವಾಷರ್ ತುಂಬಿ.

ಬೋರ್ಡಿಗೆ ಪ್ಲೈವುಡ್ ಹಲಗೆ. ಪಕ್ಕದ ತಗಡಿಗೆ ಹೈಲಂ ಶೀಟ್ (ಕರೆಂಟ್ ಹಾಯದ ಗಟ್ಟಿ ಹಾಳೆ). ಏವಿ ಸೆಟ್ಟಿನಲ್ಲೂ ಪವರ್ ಸಪ್ಲೈ ಕಡೆಯ, ಬಿಸಿ ಹೀರುವ ಲೋಹದ ಹೀಟ್‌ಸಿಂಕಿನಲ್ಲಿ ಕರೆಂಟ್ ಇರಬಹುದು, ಅದು ತಗಡಿಗೆ ತಾಗಬಾರದು. ಕ್ಯಾಪಿಗೆ ಹೋಗುವ ಕೆಂಪು ವೈರ್ ತಗಡಿನ ಅಂಚಿನಿಂದ ದೂರವಿರಲಿ.

ಈಗ ಅರ್ತ್. ಮೂರು ಪಿನ್ನಿನ ಪ್ಲಗ್, ಮೂರೆಳೆಯ ವೈರ್. ಡಬ್ಬದ ಪೇಂಟನ್ನ ತಗಡು ಹೊಳೆಯೋ ತನಕ ಕೆರೆದು, ಹಲ್ಲಿನ ವಾಷರ್ ಇಟ್ಟು ಹಸಿರು ವೈರ್ ಬಿಗಿಯಿರಿ. ಬಾಗಿಲಿಗೆ ಬೇರೆ ವೈರ್ ಬೇಕು. ಹಿಂದೆ ಒಂದು ಡಬ್ಬದಲ್ಲಿ ಕೀಲನ್ನೇ ನಂಬಿದ್ದೆ. ನಾಣ್ಯ ತೆಗೆಯಲು ಬಾಗಿಲಿಗೆ ಕೈಯಿಟ್ಟರೆ ಮೊಣಕೈವರೆಗೂ ಜುಮ್ ಅಂತು. ಪೇಂಟ್ ಹೊಡೆದ ಕೀಲು ಅರ್ತ್ ಆಗಲ್ಲ. ಪ್ಲಗ್ಗಿನ ದಪ್ಪ ಪಿನ್ನಿಗೂ ಪ್ರತಿ ತಗಡಿಗೂ ಒಂದು ಓಮಿಗಿಂತ ಕಡಿಮೆ ಬರಬೇಕು. ಲೈನಿನಲ್ಲಿ, ಕರೆಂಟ್ ಸೋರಿದರೆ ತಾನೇ ಕಡಿಯುವ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲಿ. ಮೊದಲ ಸಲ 100 ವ್ಯಾಟಿನ ಸೀರೀಸ್ ಬಲ್ಬ್ (ಕರೆಂಟಿನ ದಾರಿಯಲ್ಲೇ ಕೂರಿಸಿದ ಬಲ್ಬ್) ಮೂಲಕವೇ ಆನ್ ಮಾಡಿ.

ಬಂದ ಚಿತ್ರದ ಎಡಮೂಲೆ ಹಸಿರಾಗಿತ್ತು. ಇವನು ತಂದ ಸ್ಪೀಕರಿನ ಮ್ಯಾಗ್ನೆಟ್ ಟ್ಯೂಬಿನ ಪಕ್ಕದಲ್ಲೇ ಕೂತಿತ್ತು, ಅದನ್ನ ಕೆಳಗೆ ಸಾಗಿಸಿದೆ. ಬಣ್ಣ ಸರಿಮಾಡುವ ಡಿಗಾಸ್ ಕಾಯಿಲ್ ಸೆಟ್ ತಣ್ಣಗಿದ್ದಾಗ ಆನ್ ಮಾಡಿದರೆ ಮಾತ್ರ ಕೆಲಸ ಮಾಡುತ್ತೆ. ಅದಕ್ಕೇ ಆಫ್ ಮಾಡಿ ಅರ್ಧ ಗಂಟೆ ಬಿಟ್ಟೆವು. ಅಷ್ಟರಲ್ಲಿ ಹಿಂಬದಿಯ ಗಾಳಿಕಿಂಡಿಗಳಿಗೆ ಸಣ್ಣ ಕಣ್ಣಿನ ಜಾಲರಿ ಹೊಡೆದೆ. ಹಲ್ಲಿ ಒಳಗೆ ಹೋಗಿ ಬೋರ್ಡ್ ಸುಟ್ಟಿರೋದನ್ನ ನಾನು ಎಷ್ಟು ಸಲ ನೋಡಿದ್ದೀನೋ ಲೆಕ್ಕವಿಲ್ಲ.