ಎಲ್ಲರೂ ಒಂದೇ ಸರ್ವರ್‌ಗೆ ನುಗ್ಗಬೇಡಿ, ಒಬ್ಬೊಬ್ಬರೇ ಕೂರಲೂ ಬೇಡಿ

ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕನ್ನಡದವರೆಲ್ಲ ಮಾಸ್ಟೊಡಾನ್‌ಗೆ ಬರಬೇಕು ಅನ್ನೋದು ನನ್ನ ಆಸೆ. ಅದು ಟ್ವಿಟರ್ ಥರದ್ದೇ ಸಾಮಾಜಿಕ ಜಾಲ, ಆದರೆ ಒಬ್ಬರದ್ದಲ್ಲ, ಬೇರೆ ಬೇರೆಯವರು ನಡೆಸುವ ಸರ್ವರ್‌ಗಳು ಒಂದಕ್ಕೊಂದು ಕೂಡಿ ಆದದ್ದು. 1956ರಿಂದ ನಾವು ಕೇರಳದಲ್ಲಿದ್ದೇವೆ, ಈಗ ತಾಳವಾಡಿಯವರು ತಮಿಳುನಾಡಿನಲ್ಲಿ, ಜತ್ತದವರು ಮಹಾರಾಷ್ಟ್ರದಲ್ಲಿ. ಅವರವರ ಊರಿನ ಸರ್ವರ್‌ನಲ್ಲೇ ಇದ್ದು ಎಲ್ಲರ ಜೊತೆ ಮಾತಾಡಬಹುದಾದ ಜಾಲ ನಮಗಿಂತ ಜಾಸ್ತಿ ಯಾರಿಗೆ ಬೇಕು ಹೇಳಿ.

ಆ್ಯಪ್ ಹಾಕಿಕೊಂಡ ತಕ್ಷಣ ಅದು ಮಾಸ್ಟೊಡಾನ್ ತಯಾರಿಸುವವರೇ ನಡೆಸುವ ದೊಡ್ಡ ಸರ್ವರ್ ಮಾಸ್ಟೊಡಾನ್ ಡಾಟ್ ಸೋಷಿಯಲ್ ಕಡೆಗೆ ಕರೆದುಕೊಂಡು ಹೋಗುವುದು ಶುರುವಾಯಿತು, 2023ರಲ್ಲಿ. ಸುಲಭ, ನಿಜ. ಆದರೆ ಎಲ್ಲರೂ ಅಲ್ಲೇ ಸೇರಿದರೆ ಇಡೀ ಜಾಲದ ಜುಟ್ಟು ಒಬ್ಬರ ಕೈಗೆ ಹೋಗುತ್ತದೆ. ಗೂಗಲ್ ಟಾಕ್‌ನಿಂದ ಒಂದು ಕಾಲಕ್ಕೆ ಬೇರೆ ಸರ್ವರಿನವರ ಜೊತೆಗೂ ಚಾಟ್ ಮಾಡಬಹುದಿತ್ತು, 2013ರಲ್ಲಿ ಅದರ ಜಾಗಕ್ಕೆ ಹ್ಯಾಂಗೌಟ್ಸ್ ತಂದಾಗ ಆ ಬಾಗಿಲು ಹಾಕಿದರು.

ಹಾಗಂತ ಮನೆಗೊಂದು ಸರ್ವರ್ ಬೇಡ. ಒಂದು ತಾಲೂಕಿಗೆ ಒಂದು ಸಾಕು. ನೋಡಿಕೊಳ್ಳುವವರು ಕನಿಷ್ಠ ಇಬ್ಬರಿರಲಿ, ಇಬ್ಬರ ಹತ್ತಿರವೂ ಪಾಸ್‌ವರ್ಡ್ ಇರಲಿ, ದಿನಾ ಬ್ಯಾಕಪ್ ಆಗಲಿ. ಡೊಮೇನ್ ಹೆಸರು ಯೋಚಿಸಿ ಇಡಿ, ಒಮ್ಮೆ ಶುರು ಮಾಡಿದ ಮೇಲೆ ಬದಲಿಸಲು ಆಗುವುದಿಲ್ಲ.

ಇನ್ನು ಎಲ್ಲರೂ ಎಡವುವ ಜಾಗ. ಹೊಸ ಸರ್ವರ್ ಖಾಲಿ ಖಾಲಿ ಕಾಣುತ್ತದೆ, ಯಾಕೆಂದರೆ ಹೊರಗಿನವರ ಪೋಸ್ಟ್ ನಿಮ್ಮಲ್ಲಿಗೆ ಬರಬೇಕಾದರೆ ಸಾಮಾನ್ಯವಾಗಿ ನಿಮ್ಮ ಸರ್ವರಿನ ಯಾರಾದರೂ ಒಬ್ಬರು ಅವರನ್ನು ಫಾಲೋ ಮಾಡಿರಬೇಕು. ಹ್ಯಾಶ್‌ಟ್ಯಾಗ್ ಒತ್ತಿದರೂ ನಿಮ್ಮ ಸರ್ವರ್‌ಗೆ ಬಂದು ತಲುಪಿದ್ದಷ್ಟೇ ಕಾಣುತ್ತದೆ, ಜತ್ತದವರು ಯಕ್ಷಗಾನದ ಬಗ್ಗೆ ಎಷ್ಟೇ ಬರೆದಿದ್ದರೂ ನಿಮ್ಮಲ್ಲಿ ಯಾರೂ ಅವರನ್ನು ಫಾಲೋ ಮಾಡದಿದ್ದರೆ ಅದು ನಿಮಗೆ ಇಲ್ಲದ ಹಾಗೇ. ಅದಕ್ಕೇ ಮೊದಲ ದಿನವೇ ಕೂತು ಹೊಸೂರು, ಆದವಾನಿ, ಅಕ್ಕಲಕೋಟೆಯ ಕನ್ನಡದವರನ್ನು ಹುಡುಕಿ ಫಾಲೋ ಮಾಡಿ. ಹಲವು ಸರ್ವರ್‌ಗಳ ಪೋಸ್ಟ್‌ಗಳನ್ನು ಒಟ್ಟಿಗೆ ತಂದು ಹಾಕುವ ರಿಲೇ ಹಾಕಿದರೆ ಬೇಗ ತುಂಬುತ್ತದೆ, ಆದರೆ ಬೇಡದ್ದೂ ಬಂದು ಡಿಸ್ಕ್ ತುಂಬುತ್ತದೆ. ನನ್ನ ಓಟು ಫಾಲೋಗೇ.

ಪೋಸ್ಟ್‌ಗೆ ಭಾಷೆ ಗುರುತು ಹಾಕುವುದನ್ನು ಮರೆಯಬೇಡಿ. ನಾವಿಲ್ಲಿ ಬೆಳಿಗ್ಗೆ ಕನ್ನಡ, ಸಂಜೆ ಮಲಯಾಳಂ ಬರೆಯುವವರು ಅಲ್ವಾ. ಒಬ್ಬರ ಯಾವ ಭಾಷೆಯ ಪೋಸ್ಟ್ ಬೇಕು ಅಂತ ಫಾಲೋ ಮಾಡುವವರೇ ಆರಿಸಿಕೊಳ್ಳಬಹುದು, ಗುರುತು ಸರಿಯಿದ್ದರೆ ತಾಳವಾಡಿಯವರು ಅರ್ಥವಾಗದೆ ನಿಮ್ಮನ್ನು ಬಿಟ್ಟು ಹೋಗುವುದಿಲ್ಲ.

ಜಗಳ ಬಂದಾಗ ಎದುರಿನವರ ಇಡೀ ಸರ್ವರನ್ನು ಸಸ್ಪೆಂಡ್ ಮಾಡಲು, ಅಂದರೆ ಅದರ ಸಂಪರ್ಕವನ್ನೇ ಕಡಿಯಲು, ಕೈ ಓಡುತ್ತದೆ. ತಡೆಯಿರಿ. ಸಸ್ಪೆಂಡ್ ಮಾಡಿದರೆ ಎರಡೂ ಕಡೆಯ ಫಾಲೋಗಳು ಕಡಿದುಹೋಗುತ್ತವೆ, ಆಮೇಲೆ ತೆರವು ಮಾಡಿದರೂ ತಾವಾಗಿ ಕೂಡಿಕೊಳ್ಳುವುದಿಲ್ಲ. ಮೊದಲು ಆ ಒಬ್ಬ ವ್ಯಕ್ತಿಯ ಮೇಲೆ ಕ್ರಮ, ಸಾಲದಿದ್ದರೆ ಸರ್ವರ್‌ಗೆ ಲಿಮಿಟ್, ಅಂದರೆ ಅಲ್ಲಿನವರ ಪೋಸ್ಟ್ ಅವರನ್ನು ಫಾಲೋ ಮಾಡದವರಿಗೆ ಕಾಣದ ಹಾಗೆ ಮಾಡುವುದು. ಲಿಮಿಟ್‌ನಲ್ಲಿ ಈಗಾಗಲೇ ಫಾಲೋ ಮಾಡುತ್ತಿರುವವರ ನಂಟು ಉಳಿಯುತ್ತದೆ. ದ್ವೇಷ ಹರಡುವುದಕ್ಕೇ ಇರುವ ಸರ್ವರ್ ಆದರೆ ಮಾತ್ರ ಸಸ್ಪೆಂಡ್, ಆಗ ಹಿಂದೆಮುಂದೆ ನೋಡಬೇಡಿ.

ಸರ್ವರ್ ನಡೆಸಲು ಆಗದಿದ್ದರೆ 3 ತಿಂಗಳು ಮೊದಲೇ ಹೇಳಿ. ಬೇರೆ ಕಡೆಗೆ ಹೋಗುವವರ ಫಾಲೋವರ್‌ಗಳು ಜೊತೆಗೇ ಬರುತ್ತಾರೆ, ಹಳೆಯ ಪೋಸ್ಟ್‌ಗಳು ಬರುವುದಿಲ್ಲ. ಫಾಲೋವರ್‌ಗಳು ಬರುವುದೂ ಹಳೆಯ ಸರ್ವರ್ ಇನ್ನೂ ನಡೆಯುತ್ತಿದ್ದರೆ ಮಾತ್ರ. ನೀವು ಫಾಲೋ ಮಾಡುವವರ ಪಟ್ಟಿಯ ಸಿಎಸ್‌ವಿ ಫೈಲನ್ನು ಆಗಾಗ ಇಳಿಸಿಟ್ಟುಕೊಳ್ಳಿ, ಸೆಟ್ಟಿಂಗ್ಸ್‌ನಲ್ಲಿ ಎಕ್ಸ್‌ಪೋರ್ಟ್ ಅಂತ ಇದೆ.