ಸಾಮಾನು ಎತ್ತಿಟ್ಟು ಕೈ ತೊಳೆಯುವ ದೇವರು

ಗ್ರೀಸಿನ ಪಿರೇಯಸ್ ಬಂದರಿನ ಪಶ್ಚಿಮಕ್ಕೆ ಪೆರಾಮ ಅಂತ ಒಂದು ಊರು. ಎದುರಿಗೇ ಸಲಾಮಿಸ್ ದ್ವೀಪ, ನಡುವೆ ಕಿರಿದಾದ ಸಮುದ್ರ, ದಡದ ಉದ್ದಕ್ಕೂ ಹಡಗು ರಿಪೇರಿ ಮಾಡುವ ಯಾರ್ಡುಗಳು. ಅಲ್ಲಿ ನಾನು ಪ್ಲೇಟ್ ಫಿಟ್ಟರ್. ಅರಸೀಕೆರೆ ಕಡೆಯ ಕಮ್ಮಾರರ ಮನೆಯವನು. ಅಪ್ಪ ನೇಗಿಲಿನ ಕುಳ ತಟ್ಟಿದರು, ನಾನು ಹಡಗಿನ ಹೊಟ್ಟೆಗೆ ತಗಡು ಕೂರಿಸುತ್ತೇನೆ. ಬಾಡಿಗೆ ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಪುಟ್ಟ ಗ್ಯಾಸ್ ಕುಲುಮೆ ಇದೆ, ಅದರ ಪಕ್ಕದ ಗೂಡಿನಲ್ಲಿ ಗೇಣುದ್ದದ ಮಣ್ಣಿನ ಗೊಂಬೆ. ಪುಸ್ತಕದಲ್ಲಿ ಇವನು ಹೆಫೆಸ್ಟಸ್, ಇಲ್ಲಿಯ ಜನರ ಬಾಯಲ್ಲಿ ಇಫೆಸ್ತೋಸ್. ಹಳೆಯ ಗ್ರೀಕರ ಬೆಂಕಿಯ ದೇವರು, ಲೋಹದ ಕೆಲಸದ ದೇವರು, ಕುಂಟ.

ಊರಿಗೆ ಹೋದಾಗಲೆಲ್ಲ ಯಾರಾದರೂ ಕೇಳೇ ಕೇಳುತ್ತಾರೆ, "ಇದೇನಪ್ಪಾ, ಜಾತಿ ಬಿಟ್ಯಾ?" ಅಂತ. ಬಿಟ್ಟದ್ದೂ ಇಲ್ಲ, ಸೇರಿದ್ದೂ ಇಲ್ಲ. ಆರು ವರ್ಷದ ಹಿಂದೆ ಒಂದು ಯಾರ್ಡಿನಲ್ಲಿ ಚೈನ್ ಪುಲ್ಲಿಯ ಕೊಕ್ಕೆ ಜಾರಿ ತಗಡು ನನ್ನ ಎಡಗಾಲಿನ ಹರಡಿನ ಮೇಲೆ ಬಿತ್ತು. ಮೂರು ತಿಂಗಳು ಮಂಚ. ಆಗ ನನ್ನ ಜೊತೆ ಕೆಲಸ ಮಾಡುತ್ತಿದ್ದ ಮುದುಕ ಬಾಯ್ಲರ್‌ಮೇಕರ್ ಒಬ್ಬ ನೋಡಲು ಬಂದ. ಅವನನ್ನು ನಾವೆಲ್ಲ 'ಮಾಸ್ತೊರಾ' ಅನ್ನುತ್ತಿದ್ದೆವು. ಗ್ರೀಕರಿಗೆ ಕಸುಬುದಾರ ಅಂದರೆ ಮಾಸ್ತೊರಾಸ್. ನಮ್ಮ ಮೇಸ್ತ್ರಿ ಪೋರ್ಚುಗೀಸರಿಂದ ಬಂದದ್ದು, ಇವರದು ನೇರ ಲ್ಯಾಟಿನ್ನಿಂದ, ಬೇರು ಒಂದೇ. ಮಾಸ್ತೊರಾ ಕಿತ್ತಳೆ ಹಣ್ಣಿನ ಜೊತೆ ಮೊಮ್ಮಗನ ಹಳೇ ಪಠ್ಯಪುಸ್ತಕವನ್ನೂ ತಂದಿದ್ದ. ಇಲ್ಲಿ ಪ್ರೌಢಶಾಲೆಯ ಮಕ್ಕಳು ಹೋಮರನ ಹಳೇ ಯುದ್ಧಕಾವ್ಯ ಇಲಿಯಡ್ ಅನ್ನು ಹೊಸ ಗ್ರೀಕಿನ ಅನುವಾದದಲ್ಲಿ ಓದುತ್ತಾರೆ. "ನಿನ್ನ ಭಾಷೆ ಸುಧಾರಿಸಲಿ" ಅಂದ. ಯಾರ್ಡಿನಲ್ಲಿ ಕಲಿತ ನನ್ನ ಗ್ರೀಕ್‌ನಲ್ಲಿ ಅರ್ಧ ಬೈಗುಳವೇ ಇದ್ದದ್ದರಿಂದ ಹಾಗಂದಿರಬೇಕು.

ಯುದ್ಧದ ಭಾಗ ನನಗೆ ಹಿಡಿಸಲಿಲ್ಲ. ಯಾರು ಯಾರ ಮಗ, ಈಟಿ ಎಲ್ಲಿ ನೆಟ್ಟಿತು, ಇದೇ ಕತೆ. ಹದಿನೆಂಟನೆಯ ಭಾಗಕ್ಕೆ ಬಂದಾಗ ಮಾತ್ರ ಎದ್ದು ಕೂತೆ. ಕಾವ್ಯದ ನಾಯಕ ಅಕಿಲೀಸನ ತಾಯಿ ಥೆಟಿಸ್ ಮಗನಿಗೆ ಆಯುಧ ಮಾಡಿಸಲು ಇಫೆಸ್ತೋಸನ ಮನೆಗೆ ಬರುತ್ತಾಳೆ. ಅವನು ಬೆವರು ಸುರಿಸುತ್ತ ತಿದಿಗಳ ಸುತ್ತ ಓಡಾಡುತ್ತಿದ್ದಾನೆ. ಇಪ್ಪತ್ತು ಮುಕ್ಕಾಲಿಗಳ ಕೆಲಸ ನಡೆದಿದೆ, ಪ್ರತಿಯೊಂದರ ಕೆಳಗೂ ಚಿನ್ನದ ಗಾಲಿ, ತಾವಾಗಿಯೇ ದೇವತೆಗಳ ಸಭೆಗೆ ಹೋಗಿ ಬರುವಂಥವು. ಹಿಡಿಕೆ ಮಾತ್ರ ಇನ್ನೂ ಕೂರಿಸಿಲ್ಲ, ಅದಕ್ಕೆ ಮೊಳೆ ತಯಾರಿಸುತ್ತಿದ್ದಾನೆ. ಹಿಡಿಕೆ ಬಾಕಿ! ಕೆಲಸ ಮಾಡುವವನ ಶೆಡ್ಡು ಅಂದರೆ ಇದೇ. ಥೆಟಿಸ್ ಬಂದ ಸುದ್ದಿ ಕಿವಿಗೆ ಬಿದ್ದಾಗ ಅವನು ಹಾಗೆಯೇ ಎದ್ದು ಹೋಗುವುದಿಲ್ಲ. ಮೊದಲು ತಿದಿಯನ್ನು ಬೆಂಕಿಯಿಂದ ಆಚೆ ಸರಿಸುತ್ತಾನೆ. ಸಾಮಾನುಗಳನ್ನೆಲ್ಲ ಒಟ್ಟುಮಾಡಿ ಬೆಳ್ಳಿ ಪೆಟ್ಟಿಗೆಗೆ ಹಾಕುತ್ತಾನೆ. ಸ್ಪಂಜು ತೆಗೆದು ಮುಖ, ಎರಡೂ ಕೈ, ಕುತ್ತಿಗೆ, ಕೂದಲು ತುಂಬಿದ ಎದೆ ಒರೆಸಿಕೊಳ್ಳುತ್ತಾನೆ. ಅಂಗಿ ತೊಟ್ಟು, ದಪ್ಪ ಕೋಲು ಹಿಡಿದು, ಕುಂಟುತ್ತ ಹೊರಗೆ ಬರುತ್ತಾನೆ.

ಅಪ್ಪ ಸಂಜೆ ಕುಲುಮೆ ಮುಚ್ಚುತ್ತಿದ್ದದ್ದೂ ಇದೇ ಕ್ರಮದಲ್ಲಿ. ಬೆಂಕಿ, ಆಮೇಲೆ ಸಾಮಾನು, ಆಮೇಲೆ ಮೈ. ಹುಡುಗನಾಗಿದ್ದಾಗ ಇಕ್ಕಳವನ್ನು ಅಡಿಗಲ್ಲಿನ ಮೇಲೇ ಬಿಟ್ಟು ಆಟಕ್ಕೆ ಓಡಿ ಎಷ್ಟು ಸಲ ಕೆನ್ನೆಗೆ ತಿಂದಿದ್ದೇನೋ.

ನನ್ನ ಪೂಜೆ ಶುರುವಾದದ್ದು ಅಲ್ಲಿಂದ. ಕಾಲು ಸರಿಯಾಗಿ ಕೆಲಸಕ್ಕೆ ಮರಳಿದ ಮೇಲೆ, ಶೆಡ್ಡಿನಲ್ಲಿ ದಿನದ ಕೆಲಸ ಮುಗಿಸುವಾಗ ಆ ಕ್ರಮವನ್ನು ಬೇಕೆಂದೇ ನಿಧಾನವಾಗಿ ಮಾಡತೊಡಗಿದೆ. ಗ್ಯಾಸ್ ಆರಿಸು. ಸುತ್ತಿಗೆ, ಇಕ್ಕಳ, ಉಳಿ ಒರೆಸಿ ಪೆಟ್ಟಿಗೆಗೆ ಹಾಕು. ಸ್ಪಂಜು ನೆನೆಸಿ ಮುಖ, ಕೈ, ಕುತ್ತಿಗೆ ಒರೆಸಿಕೋ. ಒಂದು ತಿಂಗಳು ಹೀಗೆ ಮಾಡಿದ ಮೇಲೆ ಸುಮ್ಮನೆ ಹೊರಟುಹೋಗಲು ಮನಸ್ಸು ಬರಲಿಲ್ಲ, ಏನಾದರೂ ಹೇಳಬೇಕು ಅನ್ನಿಸಿತು.

ಹೇಳಲು ಹಳೆಯ ಸ್ತುತಿಯೊಂದು ಸಿಕ್ಕಿತು. ಹೋಮರನ ಹೆಸರಿನಲ್ಲಿ ಬರುವ ಸ್ತುತಿಗಳಲ್ಲಿ ಇಪ್ಪತ್ತನೆಯದು, ಬರೀ ಎಂಟು ಸಾಲು. ಮೊದಲು ಮನುಷ್ಯರು ಮೃಗಗಳ ಹಾಗೆ ಬೆಟ್ಟದ ಗವಿಗಳಲ್ಲಿ ಬದುಕುತ್ತಿದ್ದರು, ಇಫೆಸ್ತೋಸ್ ಜ್ಞಾನದ ದೇವತೆ ಅಥೀನಾಳ ಜೊತೆಗೂಡಿ ಕೈಕೆಲಸ ಕಲಿಸಿದ ಮೇಲೆ ವರ್ಷವಿಡೀ ತಮ್ಮ ಮನೆಗಳಲ್ಲೇ ನೆಮ್ಮದಿಯಿಂದ ಇದ್ದಾರೆ ಅನ್ನುತ್ತದೆ. ಕೊನೆಯ ಸಾಲು: "ಇಲಿಥ್ ಇಫೆಸ್ತೆ, ದಿದು ದ್ ಅರೆತಿನ್ ತೆ ಕೆ ಓಲ್ವೋನ್." ಪ್ರಸನ್ನನಾಗು, ಒಳ್ಳೆಯ ಗುಣ ಕೊಡು, ಉಣ್ಣಲು ಉಡಲು ಕೊಡು ಅಂತ. ಪ್ರಾಚೀನ ಉಚ್ಚಾರಣೆ ಬೇರೆ ಇತ್ತು, ಗೊತ್ತು. ನಾನು ಇವತ್ತಿನ ಪೆರಾಮದ ಉಚ್ಚಾರಣೆಯಲ್ಲೇ ಹೇಳುತ್ತೇನೆ.

ಧೂಪದ ವಿಷಯಕ್ಕೆ ಬಂದರೆ, ಆರ್ಫಿಯಸ್ ಅನ್ನುವ ಪುರಾಣದ ಗಾಯಕನ ಹೆಸರಿನಲ್ಲಿ ಬರುವ ಆರ್ಫಿಕ್ ಸ್ತುತಿಗಳಲ್ಲಿ ಯಾವ ದೇವರಿಗೆ ಯಾವ ಧೂಪ ಅಂತ ಮೊದಲೇ ಬರೆದಿಟ್ಟಿದ್ದಾರೆ. ಇವನಿಗೆ ಲೋಬಾನದ ಪುಡಿ. ಅಥೆನ್ಸಿನ ದೊಡ್ಡ ಚರ್ಚಿನ ಹಿಂದಿನ ಬೀದಿಗಳಲ್ಲಿ ಪಾದ್ರಿಗಳ ನಿಲುವಂಗಿ, ದೀಪ, ಧೂಪದಾನಿ ಮಾರುವ ಅಂಗಡಿಗಳಿವೆ. ಒಳ್ಳೆಯ ಲೋಬಾನ, ಅದಕ್ಕೆ ಬೇಕಾದ ಇದ್ದಿಲ ಬಿಲ್ಲೆ ಅಲ್ಲೇ ಸಿಗುವುದು. ಹಳೆಯ ದೇವರಿಗೆ ಹೊಸ ದೇವರ ಅಂಗಡಿಯಿಂದ ಧೂಪ ತರುತ್ತೇನೆ, ಇಬ್ಬರೂ ಇದುವರೆಗೆ ತಕರಾರು ಮಾಡಿಲ್ಲ.

ದ್ರಾಕ್ಷಾರಸದ ಅರ್ಪಣೆಯಲ್ಲಿ ಮಾತ್ರ ಎಡವಟ್ಟು ಮಾಡಿಕೊಂಡೆ. ಪೂರ್ತಿ ನನ್ನದೇ ತಪ್ಪು. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ವೈನನ್ನು ಒಂದು ಬಟ್ಟಲು ತುಂಬಿಸಿ, ಕುಲುಮೆಯ ಬಾಯಲ್ಲಿ ಇನ್ನೂ ಕೆಂಪಗಿದ್ದ ಫೈರ್ ಬ್ರಿಕ್ ಮೇಲೆ ಭಕ್ತಿಯಿಂದ ಸುರಿದೆ. ದೇವರ ಮುಂದೆ ಕನ್ನಡಕ ಯಾಕೆ ಅಂತ ಸೇಫ್ಟಿ ಗಾಗಲ್ಸನ್ನು ಆಗಷ್ಟೇ ತೆಗೆದಿಟ್ಟಿದ್ದೆ. ಇಟ್ಟಿಗೆ 'ಠಳ್' ಅಂತ ಸೀಳಿತು, ಉಗುರಿನಷ್ಟು ಚೂರು ಕಣ್ಣಿನ ಒಂದಂಗುಲ ಕೆಳಗೆ ಬಂದು ಹೊಡೆಯಿತು. ಹದ ಹಾಕುವವನ ಮಗನಾಗಿ, ಕಾದದ್ದರ ಮೇಲೆ ತಣ್ಣಗಿನದು ಬಿದ್ದರೆ ಏನಾಗುತ್ತದೆ ಅಂತ ತಿಳಿಯದವನಲ್ಲ. ಭಕ್ತಿ ಬಂದಾಗ ಬುದ್ಧಿ ಹೊರಗೆ ಹೋಗಿತ್ತು. ಈಗ ವೈನು ಮರಳಿನ ಬಕೆಟ್ಟಿಗೆ. ಪ್ರಾರ್ಥನೆ ಮುಗಿಯುವ ತನಕ ಗಾಗಲ್ಸ್ ಮೂಗಿನ ಮೇಲೇ ಇರುತ್ತದೆ.

ಗೊಂಬೆಯದೂ ಒಂದು ಕತೆ. ಹಳೆಯ ಅಥೆನ್ಸಿನ ಮನೆಗಳಲ್ಲಿ ಒಲೆಯ ಹತ್ತಿರ ಮಣ್ಣಿನ ಇಫೆಸ್ತೋಸನನ್ನು ಬೆಂಕಿಯ ಕಾವಲಿಗೆ ಇಡುತ್ತಿದ್ದರಂತೆ, ಆ ಕಾಲದ ನಾಟಕಕಾರ ಅರಿಸ್ಟೋಫೇನೀಸನ ನಾಟಕದ ಹಳೆಯ ಟಿಪ್ಪಣಿಯೊಂದು ಹಾಗನ್ನುತ್ತದೆ. ನಾನು ಮಾಡಿದ ಮೊದಲ ಗೊಂಬೆ ಸರಿಯಾಗಿ ಒಣಗಿರಲಿಲ್ಲ, ಸುಡುವಾಗ ಹೊಟ್ಟೆ ಒಡೆದುಕೊಂಡಿತು. ಎರಡನೆಯದು ನಿಂತಿದೆ. ಇಡೀ ಗೊಂಬೆಯಲ್ಲಿ ಎಡಗಾಲು ಸೊಟ್ಟಗೆ ಬಂದದ್ದೊಂದೇ ನಾನು ಅಂದುಕೊಂಡ ಹಾಗೆ ಆದದ್ದು. ಕಮ್ಮಾರರು ಕುಲುಮೆಯ ಮುಂದೆ ನಗೆ ಬರಿಸುವ ವಿಕಾರದ ಗೊಂಬೆಯನ್ನೂ ನೇತುಹಾಕುತ್ತಿದ್ದರು, ಕಣ್ಣು ಬೀಳಬಾರದು ಅಂತ. ನಮ್ಮಲ್ಲಿ ಕಟ್ಟುತ್ತಿರುವ ಮನೆಯ ಮುಂದೆ ಕಟ್ಟುವ ದೃಷ್ಟಿಬೊಂಬೆ ನೆನಪಾಯಿತು. ನನ್ನ ಗೊಂಬೆಯೇ ಸಾಕಷ್ಟು ವಿಕಾರವಾಗಿರುವುದರಿಂದ ಎರಡನೆಯದು ಬೇಕಾಗಲಿಲ್ಲ.

ನಗುವಿನ ಬಗ್ಗೆ ಒಂದು ಮಾತು. ಇಲಿಯಡ್‌ನ ಮೊದಲ ಭಾಗದ ಕೊನೆಯಲ್ಲಿ ದೇವತೆಗಳ ರಾಜ ಸ್ಯೂಸ್, ಅವನ ಹೆಂಡತಿ ಹೇರಾ ಜಗಳವಾಡಿ ಸಭೆಯೆಲ್ಲ ಬಿಗಿದುಕೊಂಡಿರುವಾಗ, ಮಗ ಇಫೆಸ್ತೋಸ್ ಅಮ್ಮನನ್ನು ಸಮಾಧಾನ ಮಾಡಿ, ತಾನೇ ಎಲ್ಲರಿಗೂ ಅಮೃತ ಬಡಿಸುತ್ತ ಓಡಾಡುತ್ತಾನೆ. ಅವನ ಕುಂಟು ಓಡಾಟ ನೋಡಿ ದೇವತೆಗಳು ಬಿದ್ದು ಬಿದ್ದು ನಗುತ್ತಾರೆ. ಕಾಲು ಮುರಿದುಕೊಂಡು ಯಾರ್ಡಿಗೆ ಮರಳಿದ ಮೊದಲ ವಾರ ಹುಡುಗರು ನನ್ನ ನಡಿಗೆಯ ಅಣಕ ಮಾಡಿದ್ದರು, ಹಾಗಾಗಿ ಆ ಸಾಲು ಮೊದಲು ಚುಚ್ಚಿತು. ಈಗ ನನಗೆ ಅನ್ನಿಸುವುದೇ ಬೇರೆ. ಅವನು ಬೇಕೆಂದೇ ಬಡಿಸಲು ಎದ್ದ. ಅಪ್ಪ ಅಮ್ಮನ ಜಗಳ ನಿಲ್ಲಿಸಲು ತನ್ನ ಕಾಲನ್ನೇ ಉಪಕರಣ ಮಾಡಿಕೊಂಡ. ಪಂಡಿತರು ಒಪ್ಪುತ್ತಾರೋ ಬಿಡುತ್ತಾರೋ, ಮನೆಯಲ್ಲಿ ಅಂಥ ಜಗಳ ನೋಡಿ ಬೆಳೆದ ಮಕ್ಕಳು ಒಪ್ಪುತ್ತಾರೆ.

ಇನ್ನೊಂದು ನಗು ಬೆಂಕಿಯದು. ಉರಿ ಸದ್ದು ಮಾಡಿದರೆ 'ಇಫೆಸ್ತೋಸ್ ನಗುತ್ತಿದ್ದಾನೆ' ಅನ್ನುವ ಮಾತು ಜನರಲ್ಲಿತ್ತು ಅಂತ ಅರಿಸ್ಟಾಟಲ್ ಬರೆದಿದ್ದಾನೆ. ಇದನ್ನು ಓದಿದಾಗ ಮೈ ಜುಂ ಅಂದಿತು. ಸೌದೆ ಒಲೆಯ ಉರಿ ಭುಸ್ ಅಂದಾಗೆಲ್ಲ ನಮ್ಮಜ್ಜಿ "ಒಲೆ ನಗ್ತೈತೆ, ನೆಂಟರು ಬತ್ತಾರೆ, ಇನ್ನೊಂದು ಪಾವು ಅಕ್ಕಿ ಹಾಕು" ಅನ್ನುತ್ತಿದ್ದರು.

ಹಾಗಂತ ಇಫೆಸ್ತೋಸ್ ಅಂದರೆ ನಮ್ಮ ವಿಶ್ವಕರ್ಮನೇ ಅನ್ನುವವರ ಮಾತಿಗೆ ನಾನು ಬಗ್ಗುವುದಿಲ್ಲ. ವಿಶ್ವಕರ್ಮ ಲೋಕಗಳನ್ನೇ ಕಟ್ಟಿದವನು, ಅವನನ್ನು ಎತ್ತಿ ಎಸೆದವರಿಲ್ಲ. ಇವನನ್ನು ಒಂದು ಕತೆಯಲ್ಲಿ ಹೆತ್ತ ತಾಯಿಯೇ ಕುಂಟ ಅಂತ ಎಸೆದಳು, ಇನ್ನೊಂದರಲ್ಲಿ ಸ್ಯೂಸ್ ಕಾಲು ಹಿಡಿದು ಎಸೆದ, ಇಡೀ ದಿನ ಬೀಳುತ್ತ ಬೀಳುತ್ತ ಸಂಜೆಗೆ ಲಿಮ್ನೋಸ್ ದ್ವೀಪಕ್ಕೆ ಬಂದು ಬಿದ್ದ. ನನ್ನ ಶೆಡ್ಡಿನಲ್ಲಿ ಕಾಳಮ್ಮನ ಫೋಟೋ ಬೇರೆ ಗೋಡೆಗಿದೆ. ಅವಳ ಕುಂಕುಮ ಅವಳಿಗೆ, ಇವನ ಲೋಬಾನ ಇವನಿಗೆ.

ಆದರೆ ಪಂಚಾಂಗ ಮಾತ್ರ ಒಂದು ಕಡೆ ಕೂಡಿಕೊಂಡಿತು. ಹಳೆಯ ಅಥೆನ್ಸಿನಲ್ಲಿ ಕಂಚುಗಾರರ ಹಬ್ಬಕ್ಕೆ ಹಲ್ಕೀಯಾ ಅಂತ ಹೆಸರು. ಪಿಯಾನೆಪ್ಸಿಯೋನ್ ಅನ್ನುವ ತಿಂಗಳ ಕೊನೆಯ ದಿನ, ಅಥೀನಾ ಮತ್ತು ಇಫೆಸ್ತೋಸ್ ಇಬ್ಬರಿಗೂ ಪೂಜೆ. ಅಥೀನಾಳಿಗೆ ಮುಂದಿನ ಬೇಸಿಗೆಯ ಉತ್ಸವದಲ್ಲಿ ಉಡಿಸುವ ವಸ್ತ್ರಕ್ಕೆ ಮಗ್ಗ ಹೂಡುತ್ತಿದ್ದದ್ದೂ ಅವತ್ತೇ. ಅವರ ತಿಂಗಳು ಅಮಾವಾಸ್ಯೆ ಕಳೆದ ಮೇಲೆ ಚಂದ್ರನ ಗೆರೆ ಕಂಡಾಗ ಶುರುವಾಗುತ್ತದೆ, ವರ್ಷ ಬೇಸಿಗೆಯ ದೀರ್ಘ ಹಗಲಿನ ನಂತರ. ಕ್ಯಾಲೆಂಡರ್ ಹಿಡಿದು ಲೆಕ್ಕ ಹಾಕಿದೆ: 2023ರಲ್ಲಿ ನವೆಂಬರ್ 13ರ ಸುಮಾರು, 2024ರಲ್ಲಿ ನವೆಂಬರ್ 1ರ ಸುಮಾರು. ಎರಡೂ ಸಲ ಒಂದು ದಿನ ಆಚೀಚೆ ನಮ್ಮ ದೀಪಾವಳಿ ಅಮಾವಾಸ್ಯೆ! ಅವತ್ತು ಸಂಜೆ ಶೆಡ್ಡಿನ ಬಾಗಿಲಲ್ಲಿ ಎರಡು ಹಣತೆ ಹಚ್ಚುತ್ತೇನೆ. ಯಾವ ಲೆಕ್ಕಕ್ಕೆ ಅಂತ ಹಣತೆಗಳೂ ಕೇಳಿಲ್ಲ.

ದೇವಸ್ಥಾನಕ್ಕೆ ಹೋಗುವುದಿಲ್ಲವೇ ಅಂತ ಕೇಳಬಹುದು. ಅಥೆನ್ಸಿನ ಹಳೇ ಅಗೋರಾದ, ಅಂದರೆ ಸಂತೆ ಮೈದಾನದ, ಪಕ್ಕದ ಗುಡ್ಡದ ಮೇಲೆ ಇವನ ಗುಡಿ ಇದೆ. ಕ್ರಿಸ್ತಪೂರ್ವ 449ರ ಸುಮಾರಿಗೆ ಕೆಲಸ ಶುರುವಾದದ್ದು, ಮುಂದೆ ಹಿಂದೆ ಆರಾರು ಕಂಬ, ಮಗ್ಗುಲಿಗೆ ಹದಿಮೂರು. ಇಷ್ಟು ಚೆನ್ನಾಗಿ ಉಳಿದ ಹಳೇ ಗುಡಿ ಗ್ರೀಸಿನಲ್ಲಿ ಅಪರೂಪ. ಶತಮಾನಗಳ ಕಾಲ ಸಂತ ಜಾರ್ಜನ ಚರ್ಚು ಆಗಿದ್ದದ್ದರಿಂದಲೇ ಉಳಿದದ್ದು. ಗೋಡೆಯ ಕೆತ್ತನೆಯಲ್ಲಿ ಪುರಾಣದ ವೀರ ಥೀಸಿಯಸ್ ಇದ್ದಾನೆ ಅಂತ ಜನ ಅದನ್ನು ಥಿಸೀಯೋ ಅಂದುಬಿಟ್ಟರು, ಹತ್ತಿರದ ರೈಲು ನಿಲ್ದಾಣಕ್ಕೂ ಅದೇ ಹೆಸರು. ಕಟ್ಟಿಸಿಕೊಂಡವನು ಒಬ್ಬ, ಹೆಸರು ಇನ್ನೊಬ್ಬನದು. ಗುತ್ತಿಗೆ ಕೆಲಸ ಮಾಡುವ ನಮಗೆ ಇದು ಹೊಸತಲ್ಲ. ಸುತ್ತಮುತ್ತ ಅಗೆದಾಗ ಕಂಚು ಎರಕ ಹೊಯ್ದ ಗುಂಡಿಗಳು ಸಿಕ್ಕಿವೆ. ಅಲ್ಲಿ ಧೂಪ, ನೈವೇದ್ಯ ಏನೂ ನಡೆಯುವುದಿಲ್ಲ, ಹಗ್ಗದ ಆಚೆ ಕಾಲಿಡುವಂತಿಲ್ಲ. ಟಿಕೆಟ್ ತೆಗೆದುಕೊಂಡು ಬೆಳಗ್ಗೆ ಬೇಗ ಹೋಗಿ, ದಾಳಿಂಬೆ ಗಿಡದ ಪಕ್ಕ ನಿಂತು, ಎಂಟು ಸಾಲು ಬಾಯೊಳಗೇ ಹೇಳಿ ಬರುತ್ತೇನೆ.

ಹಳೆಯ ದೇವರುಗಳನ್ನು ಪೂಜಿಸುವ ಗ್ರೀಕರ ಸಂಘಗಳೂ ಇವೆ. 2017ರಲ್ಲಿ ಸರ್ಕಾರ ಅವರ ಧರ್ಮಕ್ಕೆ ಮಾನ್ಯತೆ ಕೊಟ್ಟಿತು. ನಾನು ಸದಸ್ಯನಲ್ಲ. ಮಾಸ್ತೊರಾಗೆ ಇದೆಲ್ಲ ತಮಾಷೆ. ಅವನ ಟೂಲ್ ಬಾಕ್ಸಿನ ಮುಚ್ಚಳದೊಳಗೆ ಸಂತ ನಿಕೋಲಸನ ಚಿತ್ರ. "ನಾವು ಬಿಟ್ಟ ದೇವರನ್ನು ಹಿಡಿಯೋಕೆ ಇಂಡಿಯಾದಿಂದ ಬಂದ್ಯಾ ಮಾಸ್ತೊರಾ?" ಅನ್ನುತ್ತಾನೆ. ಅನ್ನುತ್ತಲೇ ನನ್ನ ಶೆಡ್ಡಿಗೆ ಬಂದರೆ ಗೊಂಬೆಯ ಬಕೆಟ್ಟಿಗೆ ತನ್ನ ಲೋಟದಿಂದ ಒಂದು ಹನಿ ಹಾಕಿಯೇ ಕುಡಿಯುತ್ತಾನೆ.

ಲಿಮ್ನೋಸಿಗೂ ಹೋಗಿ ಬಂದೆ. ಅಲ್ಲಿಯ ವಿಮಾನ ನಿಲ್ದಾಣಕ್ಕೇ ಇಫೆಸ್ತೋಸನ ಹೆಸರು. ಬೆಂಕಿ ಬೆಟ್ಟ ನೋಡುತ್ತೇನೆ ಅಂದುಕೊಂಡು ಹೋದರೆ ಬೆಂಕಿಯೂ ಇಲ್ಲ, ಅಂಥ ಬೆಟ್ಟವೂ ಇಲ್ಲ. ಒಣಹುಲ್ಲು, ಕುರಿ, ಕಣ್ಣಿಗೆ ಮಣ್ಣೆರಚುವ ಗಾಳಿ. ಉತ್ತರದ ಕೊಲ್ಲಿಯ ಪಕ್ಕ ಇಫೆಸ್ತಿಯಾ ಅನ್ನುವ ಹಾಳೂರಿನಲ್ಲಿ ಒಂದು ನಾಟಕಶಾಲೆಯ ಮೆಟ್ಟಿಲ ಮೇಲೆ ಕೂತು ಬ್ರೆಡ್ಡು ತಿಂದೆ. ಆ ಒಣಹುಲ್ಲಿನಲ್ಲಿ ಕಡ್ಡಿ ಗೀರುವ ಧೈರ್ಯ ಯಾರಿಗಿದೆ? ಬಾಟಲಿಯ ನೀರನ್ನೇ ನೆಲಕ್ಕೆ ಬಿಟ್ಟೆ. ಅಲ್ಲಿಂದ ಒಂದು ಪದ್ಧತಿ ಮಾತ್ರ ತಂದುಕೊಂಡೆ. ಹಿಂದೆ ಲಿಮ್ನೋಸಿನವರು ವರ್ಷಕ್ಕೊಮ್ಮೆ ಒಂಬತ್ತು ದಿನ ದ್ವೀಪದ ಬೆಂಕಿಯನ್ನೆಲ್ಲ ಆರಿಸಿ, ದೇಲೋಸ್ ದ್ವೀಪದಿಂದ ಹಡಗಿನಲ್ಲಿ ಹೊಸ ಬೆಂಕಿ ತರಿಸುತ್ತಿದ್ದರಂತೆ. ಒಂಬತ್ತು ಅಂದ ತಕ್ಷಣ ನವರಾತ್ರಿಗೆ ಗಂಟು ಹಾಕಬೇಡಿ. ನಾನು ಆಗಸ್ಟಿನಲ್ಲಿ, ಇಡೀ ಗ್ರೀಸ್ ರಜೆಯಲ್ಲಿರುವಾಗ, ಒಂಬತ್ತು ದಿನ ಕುಲುಮೆ ಹಚ್ಚುವುದಿಲ್ಲ. ಆ ದಿನಗಳಲ್ಲಿ ಬರ್ನರ್ ಬಿಚ್ಚಿ ತೊಳೆಯುವುದು, ಗ್ಯಾಸ್ ಪೈಪಿನ ಸೀಳು ನೋಡುವುದು, ಸುತ್ತಿಗೆಗೆ ಹೊಸ ಹಿಡಿ ಹಾಕುವುದು. ಎರಡನೇ ವರ್ಷವೇ ಪೈಪಿನಲ್ಲಿ ಕೂದಲೆಳೆಯಷ್ಟು ಸೀಳು ಸಿಕ್ಕಿತು.

ಅಪ್ಪನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳುತ್ತಿರುತ್ತೇನೆ. ಕತೆ ಅವರಿಗೆ ಇಷ್ಟ. ಒಮ್ಮೆ ಹೋಮರನ ಇನ್ನೊಂದು ಕಾವ್ಯ ಒಡಿಸ್ಸಿಯ ಕತೆ ಹೇಳಿದೆ. ಇವನ ಹೆಂಡತಿ ಅಫ್ರೊದಿತಿ ಯುದ್ಧದೇವರ ಜೊತೆ ಮಲಗಿದಳು, ಇವನು ಜೇಡರ ಬಲೆಯಷ್ಟು ಸಣ್ಣ, ಕಣ್ಣಿಗೆ ಕಾಣದ ಸರಪಳಿಯ ಬಲೆ ಮಾಡಿ ಇಬ್ಬರನ್ನೂ ಮಂಚದ ಮೇಲೇ ಕಟ್ಟಿಹಾಕಿದ, ದೇವತೆಗಳು ಬಂದು ನೋಡಿದರು ಅಂತ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಹೆಂಡತಿಯ ವಿಷಯಕ್ಕೆ ಬೇಸರ ಮಾಡಿಕೊಂಡರೇನೋ ಅಂದುಕೊಂಡೆ.

"ಅಲ್ಲ ಕಣ್ಲಾ, ಅಷ್ಟು ಸಣ್ಣ ಕೊಂಡಿನ ಹೆಂಗ್ಲಾ ಬೆಸೆದ? ಕಾಯಿಸಿದ್ರೆ ಕರಗೋಗಲ್ವಾ?"

"ಗೊತ್ತಿಲ್ಲಪ್ಪ, ಬರ್ದಿಲ್ಲ."

"ಬರೆಯೋರಿಗೇನ್ ಗೊತ್ತು ಬಿಡು" ಅಂದರು. ಆಮೇಲೆ, "ಸಾಮಾನು ಎತ್ತಿಟ್ಯಾ?"

ಎತ್ತಿಟ್ಟಿದ್ದೆ. ಸ್ಪಂಜು ಮಾತ್ರ ಹರಿದುಹೋಗಿತ್ತು. ಪ್ಲಾಸ್ಟಿಕ್ಕಿನದು ನಾನು ಬಳಸುವುದಿಲ್ಲ. ಕಲಿಮ್ನೋಸ್ ದ್ವೀಪದವರು ಸಮುದ್ರದ ತಳಕ್ಕೆ ಮುಳುಗಿ ಸ್ಪಂಜು ತೆಗೆಯುವುದರಲ್ಲಿ ಹೆಸರಾದವರು, ಅವರ ಕಡೆಯ ಸಮುದ್ರದ ಸ್ಪಂಜು ಮೊನಾಸ್ತಿರಾಕಿ ಸಂತೆಯಲ್ಲಿ ಸಿಗುತ್ತದೆ. ಅಲ್ಲಿಯ ಒಂದು ಬೀದಿಯ ಹೆಸರೇ ಇಫೆಸ್ತು, ಅಂದರೆ ಇಫೆಸ್ತೋಸನ ಬೀದಿ. ಆ ಶನಿವಾರ ಹೋಗಿ ಅಂಗೈ ಅಗಲದ್ದೊಂದು ತಂದು ಬಕೆಟ್ಟಿನ ನೀರಿಗೆ ಅದ್ದಿದೆ. ಹಿಂಡಿದಾಗ ಅದರ ಹೊಟ್ಟೆಯೊಳಗಿಂದ ಒಂದು ಚಿಟಿಕೆ ಮರಳು ಬಂತು.